ಕಲಬುರಗಿಯಲ್ಲಿ ಗೇರ್ ಇಲ್ಲದ ಸೈಕಲ್ ಆರಿಸಿದ ನನ್ನ ಅನುಭವ

ಮೊದಲ ಸಲ ಸೈಕಲ್ ಕೊಂಡಾಗ ನಾನು ನೋಡಿದ್ದು ಬಣ್ಣ ಮತ್ತು ಗೇರ್. 21 ಗೇರ್, ದಪ್ಪ ಟಯರ್, ಮುಂದೆ ಸಸ್ಪೆನ್ಷನ್. ಮನೆ ಜೇವರ್ಗಿ ರಸ್ತೆಯ ಕಡೆ, ಕೆಲಸ ಸೇಡಂ ರಸ್ತೆಯಲ್ಲಿ. ಒಂದು ಕಡೆಗೆ ಸುಮಾರು ಆರು ಕಿಲೋಮೀಟರ್. ಎರಡು ವಾರ ಆಗುವಷ್ಟರಲ್ಲಿ ಅಂಗೈ ಜೋಮು ಹಿಡಿಯತೊಡಗಿತು. ಕುತ್ತಿಗೆಯ ಹಿಂದೆ ನೋವು. ಆಫೀಸಿಗೆ ಹೋದ ಮೇಲೆ ಸ್ವಲ್ಪ ಹೊತ್ತು ಪೆನ್ನು ಹಿಡಿಯಲೂ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಇನ್ನೊಂದು ತೊಂದರೆ ಶುರುವಾಯಿತು. ನಮ್ಮ ಬಡಾವಣೆಯ ಒಳರಸ್ತೆಯ ಎರೆ ಮಣ್ಣು ಹಿಂದಿನ ಗೇರಿನೊಳಗೆ ಮೆತ್ತಿಕೊಂಡು, ಒಣಗಿ ಕಲ್ಲಾಗುತ್ತಿತ್ತು. ಚೈನ್ ಪದೇ ಪದೇ ಬೀಳುತ್ತಿತ್ತು. ವರ್ಷ ತುಂಬುವ ಮೊದಲೇ ಅದನ್ನು ಮಾರಿಬಿಟ್ಟೆ.

ಮಾರುವಾಗ ಒಂದು ವಿಷಯ ಹೊಳೆಯಿತು. ಅಷ್ಟು ದಿನವೂ ನಾನು ಓಡಿಸಿದ್ದು ಹೆಚ್ಚುಕಡಿಮೆ ಒಂದೇ ಗೇರಿನಲ್ಲಿ. ನಮ್ಮೂರು ಸಪಾಟು ಅಲ್ವಾ? ನನ್ನ ದಾರಿಯಲ್ಲಿ ಏರು ಅಂತ ಇರುವುದು ರೈಲ್ವೆ ಹಳಿ ದಾಟುವ ಬ್ರಿಡ್ಜ್ ಒಂದೇ. ಹಾಗಾಗಿ ಈ ಸಲ ಗೇರ್ ಇಲ್ಲದ್ದೇ ಸಾಕು ಎಂದು ತೀರ್ಮಾನಿಸಿದೆ. ಉಳಿದ ದುಡ್ಡನ್ನು ಒಳ್ಳೆಯ ರಿಮ್ಮಿಗೆ, ಸೀಟಿಗೆ ಹಾಕಬಹುದು.

ಸೂಪರ್ ಮಾರ್ಕೆಟ್ ಹತ್ತಿರ ಹಳೆಯ ಸೈಕಲ್ ರಿಪೇರಿ ಅಂಗಡಿ ಇದೆ. ನಡೆಸುವವರನ್ನು ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ಹೋದವನೇ ರೇಟು ಕೇಳಿದೆ. ಅವರು, "ಸರ್, ಮೊದ್ಲ ನಿಮ್ಮ ಕಾಲಿನ ಅಳತಿ ಹೇಳ್ರಿ. ರೇಟ್ ಆಮ್ಯಾಲ" ಎಂದರು. ನನಗೆ ಗೊತ್ತಿರಲಿಲ್ಲ. ಅಂಗಿಯ ಅಳತೆ ಗೊತ್ತು, ಚಪ್ಪಲಿಯ ನಂಬರ್ ಗೊತ್ತು, ಕಾಲಿನ ಉದ್ದ ಯಾರಿಗೆ ಗೊತ್ತಿರುತ್ತದೆ?

ಅವತ್ತೇ ರಾತ್ರಿ ಅಳೆದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ರಟ್ಟಿನ ದಪ್ಪ ಪುಸ್ತಕವೊಂದನ್ನು ತೊಡೆಗಳ ನಡುವೆ ಇಟ್ಟು ಮೇಲಕ್ಕೆ ಒತ್ತಿ ಹಿಡಿದೆ. ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು. ಪುಸ್ತಕದ ಮೇಲಂಚಿಗೆ ಹೆಂಡತಿ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದಳು. ನೆಲದಿಂದ 77 ಸೆಂಟಿಮೀಟರ್ ಬಂತು. ನನ್ನ ಎತ್ತರ ಐದಡಿ ಆರಿಂಚು. ಇದೇ ಎತ್ತರದ ಇನ್ನೊಬ್ಬರ ಕಾಲು ಎರಡು ಮೂರು ಸೆಂಟಿಮೀಟರ್ ಹೆಚ್ಚುಕಡಿಮೆ ಇರಬಹುದು. ಆದ್ದರಿಂದ ಎತ್ತರ ನೋಡಿ ಸೈಕಲ್ ಹೇಳುವ ಅಂಗಡಿಯವರ ಮಾತನ್ನು ಪೂರ್ತಿ ನಂಬಬೇಡಿ.

ಈ 77ನ್ನು 0.883ರಿಂದ ಗುಣಿಸಿದರೆ 68. ಪೆಡಲಿನ ಎರಡೂ ತೋಳು ಸೇರುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಅಷ್ಟು ಸೆಂಟಿಮೀಟರ್ ಇರಬೇಕು ಎನ್ನುವುದು ರೇಸಿನವರಲ್ಲಿ ಬಳಕೆಯಲ್ಲಿರುವ ಲೆಕ್ಕ. ನಾನು 66ಕ್ಕೆ ಇಟ್ಟುಕೊಂಡಿದ್ದೇನೆ. ಜಗತ್ ಸರ್ಕಲ್‌ನಂಥ ಕಡೆ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. ಅಲ್ಲಿ ಕಾಲ್ಬೆರಳು ನೆಲಕ್ಕೆ ಎಟುಕುವುದು ಮುಖ್ಯ.

ಮರುದಿನ ಚಾಚಾ ದೊಡ್ಡ ಕರಿ ಸೈಕಲ್ ತೋರಿಸಿದರು. ನಮ್ಮ ಅಪ್ಪನ ಕಾಲದ್ದು, ಹಾಲಿನವರು ಕ್ಯಾನ್ ನೇತುಹಾಕುವಂಥದ್ದು. 22 ಇಂಚಿನ ಫ್ರೇಮ್, 28 ಇಂಚಿನ ಚಕ್ರ. ಕೂತರೆ ಎಷ್ಟು ಸುಖ! ಬೆನ್ನು ನೆಟ್ಟಗೆ, ಕೈ ಸಡಿಲ. ಆದರೆ ಇಳಿದು ನಿಂತರೆ ಮೇಲಿನ ಬಾರ್ ತಾಗುತ್ತಿತ್ತು. ಬಾರಿಗೂ ಮೈಗೂ ಒಂದೆರಡು ಇಂಚಾದರೂ ಸಂದು ಬೇಕು. ಗಕ್ಕನೆ ಇಳಿಯಬೇಕಾಗಿ ಬಂದಾಗ ಅದೇ ನಮ್ಮನ್ನು ಕಾಪಾಡುವುದು. ಅದರ ಬ್ರೇಕೂ ನನಗೆ ಒಪ್ಪಿಗೆಯಾಗಲಿಲ್ಲ. ಸ್ಟೀಲ್ ರಿಮ್ ಒದ್ದೆಯಾದರೆ ರಬ್ಬರ್ ಜಾರುತ್ತದೆ.

ಆದರೂ ಆ ಸೈಕಲ್ಲಿನಿಂದ ದೊಡ್ಡ ಪಾಠ ಕಲಿತೆ. ಅದು ಸುಖ ಕೊಡುವುದು ಸುಮ್ನೆ ಅಲ್ಲ. ಸೀಟಿನ ಕೋಲು ಹಿಂದಕ್ಕೆ ಚೆನ್ನಾಗಿ ಒರಗಿರುತ್ತದೆ. ಹಾಗಾಗಿ ಪೆಡಲ್ ನಮ್ಮಿಂದ ಸ್ವಲ್ಪ ಮುಂದಕ್ಕೆ ಬೀಳುತ್ತದೆ, ಮೈಭಾರ ಸೀಟಿನ ಮೇಲೆ ನಿಲ್ಲುತ್ತದೆ, ಕೈಗೆ ಹೋಗುವುದಿಲ್ಲ. ಮುಂದಿನ ಚಕ್ರ ಹಿಡಿದಿರುವ ಫೋರ್ಕೂ ಹಾಗೇ ಮುಂದಕ್ಕೆ ಚಾಚಿಕೊಂಡಿರುತ್ತದೆ. ಎರಡು ಚಕ್ರಗಳ ನಡುವೆ ಅಂತರ ಜಾಸ್ತಿ, ಅದಕ್ಕೇ ತಗ್ಗಿಗೆ ಬಿದ್ದಾಗ ಏಟು ಕಡಿಮೆ. ಹ್ಯಾಂಡಲ್ ಸೀಟಿಗಿಂತ ಎತ್ತರದಲ್ಲಿದ್ದು ನಮ್ಮ ಕಡೆಗೆ ಬಾಗಿರುತ್ತದೆ. ನನ್ನ ಹಳೆಯ ಸೈಕಲ್ಲಿನಲ್ಲಿ ಇದೆಲ್ಲ ತದ್ವಿರುದ್ಧ. ಹ್ಯಾಂಡಲ್ ಕೆಳಗೆ, ಅದೂ ದೂರ. ಅಂಗೈ ಜೋಮು ಹಿಡಿದದ್ದು ಯಾಕೆ ಎಂದು ಆಗ ತಿಳಿಯಿತು.

ಇದೇ ಕೂರುವ ರೀತಿ, ಆದರೆ ಸಣ್ಣ ಮೈಯ ಸೈಕಲ್ ಬೇಕಿತ್ತು. ಮೂರು ವಾರ ಸ್ಟೇಷನ್ ರಸ್ತೆ, ಸೂಪರ್ ಮಾರ್ಕೆಟ್ ಅಂತ ಅಂಗಡಿ ಅಲೆದೆ. ಪ್ರತಿ ಸಲವೂ ಅಂಗಡಿಯ ಹುಡುಗನಿಗೆ, "ತಮ್ಮಾ, ಒಂದೀಟು ಹಿಡ್ಕೋ" ಎಂದು ಹೇಳಿ, ಸೀಟಿನ ಮೇಲೆ ಕೂತು ಕಣ್ಣು ಮುಚ್ಚಿ, ಎರಡೂ ಕೈ ಆರಾಮವಾಗಿ ಮುಂದೆ ಚಾಚುತ್ತಿದ್ದೆ. ಕಣ್ಣು ಬಿಟ್ಟಾಗ ಹ್ಯಾಂಡಲ್ ಕೈಯಿಂದ ಎಷ್ಟು ದೂರ ಇದೆ ಎಂದು ನೋಡುತ್ತಿದ್ದೆ. ಒಂದೆರಡು ಇಂಚಾದರೆ ಸರಿಪಡಿಸಬಹುದು. ಒಂದು ಗೇಣಾದರೆ ಆ ಸೈಕಲ್ ಬೇಡ.

ಕೊನೆಗೆ ತೆಗೆದುಕೊಂಡದ್ದು 18 ಇಂಚಿನ ಸ್ಟೀಲ್ ಫ್ರೇಮ್, 26 ಇಂಚಿನ ಚಕ್ರ, ಹಿಂದಕ್ಕೆ ಇಳಿಜಾರಾದ ಬಾರ್. ಸಸ್ಪೆನ್ಷನ್ ಇಲ್ಲ. ಕಡಿಮೆ ಬೆಲೆಯ ಸಸ್ಪೆನ್ಷನ್ ತೂಕ ಕೂಡಿಸುತ್ತದೆ, ಬೇರೇನೂ ಮಾಡುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಯೂಮಿನಿಯಂ ರಿಮ್, ರಿಮ್ಮನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ವಿ-ಬ್ರೇಕ್. ಮಡ್‌ಗಾರ್ಡ್ ಮತ್ತು ಟಯರ್ ನಡುವೆ ಎರಡು ಬೆರಳು ಹೋಗುವಷ್ಟು ಜಾಗ. ಎರೆ ಮಣ್ಣಿನ ಊರಲ್ಲಿ ಆ ಜಾಗ ಇಲ್ಲದಿದ್ದರೆ ಚಕ್ರ ತಿರುಗುವುದೇ ಇಲ್ಲ. 6,500 ರೂಪಾಯಿ ಕೊಟ್ಟೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಕೊಳ್ಳುವಾಗ ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಹ್ಯಾಂಡಲ್ ಮಾತ್ರ ನೇರವಾದದ್ದು ಬಂದಿತ್ತು. ಚಾಚಾ ಅದನ್ನು ತೆಗೆದು ಲೇಡೀಸ್ ಸೈಕಲ್ಲಿಗೆ ಬರುವ, ಹಿಂದಕ್ಕೆ ಬಾಗಿದ ಹ್ಯಾಂಡಲ್ ಹಾಕಿಕೊಟ್ಟರು. ಹ್ಯಾಂಡಲ್ ಕಚ್ಚುವ ಜಾಗದ ದಪ್ಪ ಮೊದಲೇ ಅಳೆಯಬೇಕು. ನನ್ನದು 25.4 ಮಿಲಿಮೀಟರ್, ಸರಿಹೋಯಿತು. ಹ್ಯಾಂಡಲ್ ಎತ್ತರಿಸುವಾಗ ಒಳಗಿನ ಕೋಲಿನ ಮೇಲಿರುವ ಗುರುತು ಹೊರಗೆ ಕಾಣುವಷ್ಟು ಎಳೆಯಬೇಡಿ. ಕೋಲು ಮುರಿಯಬಹುದು. ನೆಟ್ಟಗೆ ಕೂತರೆ ಭಾರ ಜಾಸ್ತಿ ಸೀಟಿನ ಮೇಲೆ ಬೀಳುವುದರಿಂದ ಸ್ಪ್ರಿಂಗಿನ ಅಗಲ ಸೀಟನ್ನೂ ಹಾಕಿಸಿದೆ.

ಇನ್ನು ಚೈನ್ ಕೂರುವ ಹಲ್ಲುಗಳ ಲೆಕ್ಕ. ಸೈಕಲ್ ಬಂದಾಗ ಮುಂದೆ ಪೆಡಲಿನ ಹಲ್ಲುಗಾಲಿಗೆ 44 ಹಲ್ಲು, ಹಿಂದಿನ ಚಕ್ರದ ಹಲ್ಲುಗಾಲಿಗೆ, ಅಂದರೆ ಫ್ರೀವೀಲ್‌ಗೆ 18. ಒಂದು ಸುತ್ತು ತುಳಿದರೆ ಸುಮಾರು ಐದು ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 18 ಕಿಲೋಮೀಟರ್. ಬೆಳಿಗ್ಗೆ ಚೆನ್ನಾಗಿಯೇ ಇತ್ತು. ಆದರೆ ಆಷಾಢದಲ್ಲಿ ಪಡುವಣ ಗಾಳಿ ಬೀಸುತ್ತದೆ ನೋಡಿ, ಸಂಜೆ ಸೇಡಂ ರಸ್ತೆಯಿಂದ ಊರೊಳಗೆ ಬರುವಾಗ ಅದು ನೇರ ಎದೆಗೆ. ಮೊಣಕಾಲು ಹಿಡಿದುಕೊಂಡಿತು. ಚಾಚಾ 20 ಹಲ್ಲಿನ ಫ್ರೀವೀಲ್ ಹಾಕಿದರು. ಈಗ ಅದೇ ತುಳಿತಕ್ಕೆ 16 ಕಿಲೋಮೀಟರ್. ಮನೆ ಮುಟ್ಟಲು ಮೂರು ನಿಮಿಷ ಜಾಸ್ತಿ ಬೇಕು, ಮೊಣಕಾಲು ನೋಯುವುದಿಲ್ಲ. ಚೈನ್ ಹೊಸದು ಬೇಕಾಗಲಿಲ್ಲ. ಎರಡು ಹಲ್ಲು ಹೆಚ್ಚಾದರೆ ಹಿಂದಿನ ಚಕ್ರ ಸುಮಾರು ಆರು ಮಿಲಿಮೀಟರ್ ಮುಂದಕ್ಕೆ ಸರಿದರೆ ಸಾಕು. ಅಷ್ಟು ಸರಿಯಲು ಅಚ್ಚು ಕೂರುವ ಸೀಳು ಉದ್ದವಾಗಿರಬೇಕು. ಕೊಳ್ಳುವ ಮೊದಲೇ ಬಗ್ಗಿ ನೋಡಿ. ಚಕ್ರ ಸರಿಸಿದ ಮೇಲೆ ಬ್ರೇಕಿನ ರಬ್ಬರ್ ಮತ್ತೆ ರಿಮ್ಮಿಗೆ ನೇರ ಕೂರಿಸಬೇಕು.

ಹ್ಯಾಂಡಲ್, ಸೀಟು, ಫ್ರೀವೀಲ್ ಎಲ್ಲ ಸೇರಿ ಇನ್ನೊಂದು 900 ರೂಪಾಯಿ ಆಯಿತು. ಒಂದು ತಿಂಗಳಾದ ಮೇಲೆ ಚಕ್ರದ ಕಡ್ಡಿಗಳನ್ನು ಒಮ್ಮೆ ಬಿಗಿ ಮಾಡಿಸಿದೆ. ಹೊಸ ಚಕ್ರದಲ್ಲಿ ಅವು ಸಡಿಲವಾಗಿಯೇ ಆಗುತ್ತವೆ.

ಈಗ ಭಾನುವಾರ ಬೆಳಿಗ್ಗೆ ಅಕ್ಕನ ಮಗ ಬಂದು ಸೈಕಲ್ ಒಯ್ಯುತ್ತಾನೆ. ಅಪ್ಪನ ಕೆರೆಯವರೆಗೆ ಹೋಗಿ ಬರುತ್ತಾನೆ. ಅವನು ನನಗಿಂತ ಎತ್ತರ. ಸೀಟಿನ ಕೋಲಿನ ಮೇಲೆ ಹೆಂಡತಿಯ ಉಗುರು ಬಣ್ಣದಿಂದ ಎರಡು ಗೆರೆ ಹಾಕಿದ್ದೇನೆ. ಕೆಂಪು ನನ್ನದು, ಅದಕ್ಕಿಂತ ನಾಲ್ಕು ಸೆಂಟಿಮೀಟರ್ ಕೆಳಗಿರುವ ಗುಲಾಬಿ ಅವನದು. ಗುಲಾಬಿ ಗೆರೆ ಕಾಣುವವರೆಗೆ ಎಳೆದುಕೊಂಡು ಹೋಗುತ್ತಾನೆ, ವಾಪಸ್ ಬಂದ ಮೇಲೆ ಕೆಂಪಿಗೆ ಇಳಿಸಿ ಇಡುತ್ತಾನೆ.