'ಬೋಳಿ': ಒಂದು ಬೈಗುಳದ ಜಾಡು ಹಿಡಿಯುವುದು ಹೇಗೆ

ಮೈಸೂರು, ಬೆಂಗಳೂರು ಕಡೆ 'ಬೋಳಿಮಗ' ಅನ್ನುವುದು ನಾಲಿಗೆಗೆ ಅಂಟಿಕೊಂಡ ಬೈಗುಳ. ಬೈಯುವುದು ಗಂಡಸನ್ನ, ಏಟು ಬೀಳುವುದು ಅವನ ತಾಯಿಗೆ. ಆ ತಾಯಿ ಯಾರು ಅಂತ ಹುಡುಕಬೇಕಾದರೆ ಹೀಗೆ ಮಾಡಿ.

ಮೊದಲು ಪದ ಬಿಡಿಸಿ. ಕಳ್ಳ-ಕಳ್ಳಿ, ಕುರುಡ-ಕುರುಡಿ ಇದ್ದ ಹಾಗೆ ಬೋಳ-ಬೋಳಿ. ಬೋಳು ಗುಡ್ಡ, ಬೋಳು ಮರ ಅನ್ನುತ್ತೇವಲ್ಲ, ಅದೇ ಬೋಳು. ಅಂದರೆ ತಲೆಯಲ್ಲಿ ಕೂದಲಿಲ್ಲದವಳು. ಇಲ್ಲಿಗೇ ನಿಲ್ಲಿಸಬೇಡಿ. ಕೂದಲಿಲ್ಲ ಅಂದರೆ ಅದರಲ್ಲಿ ಬೈಯುವಂಥದ್ದೇನಿದೆ?

ಅದಕ್ಕೆ ನಿಘಂಟು ಬೇಕು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ, ಜರ್ಮನ್ ಪಾದ್ರಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಿಂದ ಶುರುಮಾಡಿ. ಬೋಳಿ ಒಂದನ್ನೇ ನೋಡಿದರೆ ಸಾಲದು, ಅದರ ಜೊತೆ ಓಡಾಡುವ ಬೈಗುಳಗಳನ್ನೂ ನೋಡಿ. 'ಮುಂಡೆ' ಬಂದಿದ್ದು ಸಂಸ್ಕೃತದ 'ಮುಂಡ'ದಿಂದ, ಅಂದರೆ ಬೋಳಿಸಿದ ತಲೆ. ಮಗುವಿಗೆ ಮಾಡಿಸುವ ಮುಂಡನದಲ್ಲಿ ಇರುವುದೂ ಅದೇ. 'ರಂಡೆ' ಅಂದರೆ ವಿಧವೆ. ತೆಲುಗಿನ ಮುಂಡ, ತಮಿಳಿನ ಮುಂಡೈ ಕೂಡ ಅಲ್ಲಿಗೇ ಹೋಗಿ ಸೇರುತ್ತವೆ. ಇಷ್ಟೂ ಪದಗಳ ಹಿಂದೆ ಇರುವವಳು ಒಬ್ಬಳೇ, ಗಂಡ ಸತ್ತವಳು.

ಮುಂದಿನದ್ದಕ್ಕೆ ಮನೆಯ ಹಿರಿಯರನ್ನೇ ಕೇಳಬೇಕು, ಅದರಲ್ಲೂ ಬ್ರಾಹ್ಮಣರ ಮನೆಗಳಲ್ಲಿ. ನಮ್ಮಜ್ಜಿ ಈ ಪದವನ್ನು ಯಾವತ್ತೂ ಬಾಯಿಗೆ ತಂದವರಲ್ಲ. ಯಾಕಜ್ಜಿ ಅಂದಾಗ, ಗಂಡ ಸತ್ತ ಮೇಲೆ ತಲೆ ಬೋಳಿಸಿದ್ದ ಅವರ ಸೋದರತ್ತೆಯ ವಿಷಯ ಹೇಳಿದರು. ಕೆಂಪು ಸೀರೆ, ತಲೆ ತುಂಬ ಸೆರಗು, ರವಿಕೆ ಇಲ್ಲ, ಒಪ್ಪತ್ತು ಊಟ. ಕೂದಲು ಒಂದಿಷ್ಟು ಚಿಗುರಿದರೆ ಸಾಕು, ಕ್ಷೌರದವನು ಹಿತ್ತಿಲ ಬಾಗಿಲಿಗೆ ಬರುತ್ತಿದ್ದ, ಆಕೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದರಂತೆ, ಮಕ್ಕಳನ್ನೆಲ್ಲ ಒಳಗೆ ಅಟ್ಟುತ್ತಿದ್ದರಂತೆ. ಬೆಳಿಗ್ಗೆ ಎದುರಿಗೆ ಬಂದರೆ ಅಪಶಕುನ ಬೇರೆ. 1856ರ ಕಾನೂನು ವಿಧವೆ ಮತ್ತೆ ಮದುವೆಯಾಗಬಹುದು ಅಂತು, ಕ್ಷೌರದ ಕತ್ತಿಯನ್ನು ಮುಟ್ಟಲಿಲ್ಲ.

ಗಂಡಸಿನ ಕಡೆಯ ಪದವನ್ನೂ ಹುಡುಕಿ. ಹೆಂಡತಿ ಸತ್ತವನು ವಿಧುರ. ಹಾಗಂತ ಯಾರಾದರೂ ಬೈದಿದ್ದು ಕೇಳಿದ್ದೀರಾ?

ಪದ ಈಗ ಎಲ್ಲೆಲ್ಲಿದೆ ಅನ್ನೋದನ್ನೂ ಗಮನಿಸಿ. ಮಗುವನ್ನು ಎತ್ತಿಕೊಂಡು 'ಮುಂಡೇದೇ' ಅಂತ ಮುದ್ದು ಮಾಡುವವರಿದ್ದಾರೆ. ಅವರಿಗೆ ಅರ್ಥ ಗೊತ್ತಿರುವುದಿಲ್ಲ, ಜಗಳಕ್ಕೆ ಹೋಗದೆ ಸುಮ್ನೆ ತಿಳಿಸಿ.

ಕೇಳಿದ್ದನ್ನು ಅವತ್ತೇ ಬರೆದಿಡಿ, ಯಾವ ಊರು, ಯಾವ ಕಾಲ, ಯಾರ ಮನೆ ಅಂತ. ಅಜ್ಜಿ ಆ ಸೋದರತ್ತೆಯ ಹೆಸರು ಹೇಳಿದ್ದರು. ನಾನು ಬರೆದುಕೊಳ್ಳಲಿಲ್ಲ. ಈಗ ಹೇಳುವವರು ಯಾರೂ ಇಲ್ಲ.