ಕಂದು ಎಳೆಗಳ ನಡುವೆ ನೀಲಿ

ಮೈಟೊಕಾಂಡ್ರಿಯ ಅಂದರೆ ಜೀವಕೋಶಕ್ಕೆ ಶಕ್ತಿ ತಯಾರಿಸಿಕೊಡುವ ಭಾಗ. ಅದರ ಕಾಯಿಲೆ ಇರಬಹುದು ಅಂತ ನರರೋಗ ತಜ್ಞರು ಕಳಿಸುವ ಸ್ನಾಯುವಿನ ತುಣುಕನ್ನು ಪರೀಕ್ಷಿಸುವುದು ನನ್ನ ಕೆಲಸ. ಈಗ ಜೀನ್ ಪರೀಕ್ಷೆಯನ್ನೇ ಮೊದಲು ಮಾಡಿಸುವವರು ಜಾಸ್ತಿ. ಅದು ಸರಿಯೇ. ಆದರೆ ಕೆಲವರಲ್ಲಿ, ಅದರಲ್ಲೂ ದೊಡ್ಡವರಲ್ಲಿ, ಡಿಎನ್‌ಎ ದೋಷ ರಕ್ತದಲ್ಲಿ ಸಿಗುವುದಿಲ್ಲ, ಸ್ನಾಯುವಿನಲ್ಲಿ ಸಿಗುತ್ತದೆ. ಅಂಥವರಿಗೆ ಬಯಾಪ್ಸಿ, ಅಂದರೆ ಸ್ನಾಯುವಿನ ತುಣುಕು ತೆಗೆದು ನೋಡುವುದು, ಬೇಕಾಗುತ್ತದೆ.

ತುಣುಕುಗಳನ್ನು ಕೆಡದಂತೆ ಇಡಲು ಬಳಸುವ ಫಾರ್ಮಲಿನ್‌ಗೆ ಇದನ್ನು ಹಾಕಿದರೆ ನಾವು ನೋಡಬೇಕಾದ ಕಿಣ್ವಗಳೇ ಕೆಟ್ಟುಹೋಗುತ್ತವೆ. ಅದಕ್ಕೇ ಆಪರೇಷನ್ ಥಿಯೇಟರಿಗೆ ಮೊದಲೇ ಫೋನ್ ಮಾಡಿ ಹೇಳುತ್ತೇನೆ: ಸಲೈನ್‌ನಲ್ಲಿ ಒದ್ದೆ ಮಾಡಿ ಹಿಂಡಿದ ಗಾಜ್‌ನಲ್ಲಿ ಸುತ್ತಿ, ಐಸ್ ಮೇಲಿಟ್ಟು ಕಳಿಸಿ. ಸಲೈನ್‌ನಲ್ಲಿ ಮುಳುಗಿಸಬೇಡಿ.

ಆಮೇಲೆ ಹೆಪ್ಪುಗಟ್ಟಿಸುವುದು. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ದ್ರವ ಸಾರಜನಕ −196 ಡಿಗ್ರಿ ಇರುತ್ತದೆ. ತುಣುಕನ್ನು ನೇರವಾಗಿ ಅದರಲ್ಲಿ ಅದ್ದಿದರೆ ಸುತ್ತ ಅನಿಲದ ಪದರ ಕಟ್ಟಿಕೊಂಡು ತಣ್ಣಗಾಗುವುದು ನಿಧಾನವಾಗುತ್ತದೆ. ಅಷ್ಟರಲ್ಲಿ ಒಳಗೆ ಐಸ್ ಹರಳು ಬೆಳೆದು ಸ್ನಾಯುವಿನ ಎಳೆಗಳೆಲ್ಲ ತೂತು ತೂತಾಗುತ್ತವೆ. ಹಾಗಾಗಿ ಬೀಕರ್‌ನಲ್ಲಿ ಐಸೊಪೆಂಟೇನ್ ಅನ್ನುವ ದ್ರವ ಹಾಕಿ, ಆ ಬೀಕರನ್ನು ಸಾರಜನಕದೊಳಕ್ಕೆ ಇಳಿಬಿಡುತ್ತೇನೆ. ತಳದಲ್ಲಿ ಬಿಳಿ ಗಟ್ಟಿ ಪದರ ಕಂಡರೆ ಹದ ಬಂತು ಅಂತ. ಆಗಲೇ ಅದ್ದಬೇಕು.

ನನಗೆ ತುಂಬಾ ನಂಬಿಕೆ ಇರುವುದು ಕಾಕ್ಸ್ ಮತ್ತು ಎಸ್‌ಡಿಎಚ್ ಅನ್ನುವ ಮೈಟೊಕಾಂಡ್ರಿಯದ ಕಿಣ್ವಗಳೆರಡನ್ನೂ ಒಂದೇ ಸ್ಲೈಡ್ ಮೇಲೆ ತೋರಿಸುವ ಪರೀಕ್ಷೆಯಲ್ಲಿ. ಕಾಕ್ಸ್ ಕೆಲಸ ಮಾಡುತ್ತಿದ್ದರೆ ಎಳೆ ಕಂದು ಬಣ್ಣಕ್ಕೆ ತಿರುಗುತ್ತದೆ. ಇದರ 3 ಮುಖ್ಯ ಭಾಗಗಳು ತಯಾರಾಗುವುದು ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯಿಂದ. ಎಸ್‌ಡಿಎಚ್‌ಗೆ ಆ ಡಿಎನ್‌ಎ ಬೇಡವೇ ಬೇಡ, ಅದು ನೀಲಿ ಬಣ್ಣ ಕೊಡುತ್ತದೆ. ಆ ಡಿಎನ್‌ಎ ಕೆಟ್ಟಿದ್ದರೆ ಕಂದು ಬರುವುದಿಲ್ಲ, ನೀಲಿ ಮಾತ್ರ ಉಳಿಯುತ್ತದೆ. ಎಲ್ಲ ಎಳೆಗಳಲ್ಲೂ ಅಲ್ಲ. ಕೆಟ್ಟ ಡಿಎನ್‌ಎ ಎಲ್ಲಿ ಮಿತಿಮೀರಿದೆಯೋ ಅಲ್ಲಿ ಮಾತ್ರ.

ಒಂದೆರಡು ನೀಲಿ ಎಳೆ ಕಂಡ ಕೂಡಲೇ ಕಾಯಿಲೆ ಅನ್ನಬಾರದು. ವಯಸ್ಸಾದವರಲ್ಲಿ ಸುಮ್ನೆ ಹಾಗೇ ಇರುತ್ತವೆ. ಮಕ್ಕಳಲ್ಲಿ ಇದಕ್ಕೆ ತದ್ವಿರುದ್ಧ: ಸ್ನಾಯು ಚೆನ್ನಾಗಿಯೇ ಕಂಡರೂ ಕಾಯಿಲೆ ಇರಬಹುದು. ಆದರೆ ಕಣ್ಣರೆಪ್ಪೆ ಜೋಲುಬಿದ್ದ ಹದಿಹರೆಯದವರ ಸ್ಲೈಡ್‌ನಲ್ಲಿ ಅಲ್ಲಲ್ಲಿ ನೀಲಿ ಕಂಡರೆ ವರದಿ ಟೈಪ್ ಆಗುವವರೆಗೂ ನಾನು ಕಾಯುವುದಿಲ್ಲ. ತಕ್ಷಣ ವೈದ್ಯರಿಗೆ ಫೋನ್ ಮಾಡಿ, ಇವತ್ತೇ ಇಸಿಜಿ ಮಾಡಿಸಿ ಅನ್ನುತ್ತೇನೆ. ಅದು ಕೆರ್ನ್ಸ್-ಸೇರ್ ಅನ್ನುವ ಮೈಟೊಕಾಂಡ್ರಿಯ ಕಾಯಿಲೆ ಇರಬಹುದು, ಅದರಲ್ಲಿ ಹೃದಯದ ವಿದ್ಯುತ್ ದಾರಿ ಇದ್ದಕ್ಕಿದ್ದಂತೆ ಕಡಿದುಹೋಗಬಹುದು. ಕಾಯಿಲೆಯನ್ನೇ ವಾಸಿ ಮಾಡುವ ಔಷಧಿ ಇಲ್ಲ, ಆದರೆ ಪೇಸ್‌ಮೇಕರ್ ಜೀವ ಉಳಿಸುತ್ತದೆ.

ಉಳಿದ ತುಣುಕನ್ನು −80 ಡಿಗ್ರಿ ಫ್ರೀಜರ್‌ನಲ್ಲಿ ಇಡುತ್ತೇನೆ. ಡಿಎನ್‌ಎ ಪರೀಕ್ಷೆಗೆ ಅದು ಸಾಕು, ರೋಗಿ ಮತ್ತೊಮ್ಮೆ ಕೊಯ್ಯಿಸಿಕೊಳ್ಳಬೇಕಾಗಿಲ್ಲ.