ಪಿಸಂಕಾ ಬರೆಯಲು ಕಲಿತ ಬಗೆ

ಪಿಸಂಕಾ ಎಂದರೆ ಉಕ್ರೇನಿನವರು ಈಸ್ಟರ್ ಹಬ್ಬಕ್ಕೆ ಜೇನುಮೇಣದಿಂದ ಚಿತ್ತಾರ ಬರೆದು ಬಣ್ಣ ಕಟ್ಟುವ ಹಸಿ ಮೊಟ್ಟೆ. ಹಬ್ಬದ ದಿನ ತಿನ್ನಲು ಬೇಯಿಸಿ ಒಂದೇ ಬಣ್ಣದಲ್ಲಿ ಅದ್ದಿದ ಮೊಟ್ಟೆ ಬೇರೆ; ಅದು ಕ್ರಾಶಂಕಾ. ಕೆನಡಾದ ಆಲ್ಬರ್ಟಾ ಪ್ರಾಂತಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಪಶ್ಚಿಮ ಉಕ್ರೇನ್ ಕಡೆಯ ಗಲೀಷಿಯಾ ಮತ್ತು ಬುಕೊವಿನಾ ಸೀಮೆಯ ರೈತ ಕುಟುಂಬಗಳು ಬಂದು ನೆಲೆಸಿದ್ದರಿಂದ, ಇಲ್ಲಿ ವಾಸಿಸುವ ನನಗೆ ಈ ಕಲೆಯನ್ನು ಆ ಮೂಲದ ಹಿರಿಯ ನೆರೆಯವರೊಬ್ಬರ ಅಡುಗೆಮನೆಯ ಮೇಜಿನ ಬಳಿಯೇ ಕಲಿಯುವ ಭಾಗ್ಯ ದೊರೆಯಿತು.

ಅವರು ಮೊದಲು ಕಲಿಸಿದ್ದು ಚಿತ್ರವನ್ನಲ್ಲ, ಬಣ್ಣಗಳ ಸರದಿಯನ್ನು. ತಿಳಿಬಣ್ಣದಿಂದ ಗಾಢ ಬಣ್ಣಕ್ಕೆ ಹೋಗಬೇಕು, ಹಿಂದಿರುಗುವ ದಾರಿಯಿಲ್ಲ. ಬಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು ಬರಿಯ ಚಿಪ್ಪಿನ ಮೇಲೆ ಮೇಣದಿಂದ ಬರೆದು ಹಳದಿಯಲ್ಲಿ ಅದ್ದುತ್ತೇವೆ. ಹಳದಿ ಉಳಿಯಬೇಕಾದ ಕಡೆ ಮತ್ತೆ ಮೇಣ ಮುಚ್ಚಿ ಕಿತ್ತಳೆಗೆ, ಅಲ್ಲಿಂದ ಕೆಂಪಿಗೆ, ಕೊನೆಗೆ ಕಪ್ಪಿಗೆ ಹೋಗುತ್ತೇವೆ. ಹಸಿರು ಮಾತ್ರ ಈ ಸಾಲಿಗೆ ಒಗ್ಗುವುದಿಲ್ಲವಾದ್ದರಿಂದ, ಹಳದಿಯಾದ ಮೇಲೆ ಎಲೆಯ ಜಾಗಕ್ಕಷ್ಟೇ ಕಡ್ಡಿಯ ತುದಿಯಿಂದ ಹಚ್ಚಿ ಕೂಡಲೇ ಮೇಣ ಮುಚ್ಚಬೇಕು. ಹೀಗಾಗಿ ಮುಗಿದ ಮೊಟ್ಟೆ ಹೇಗೆ ಕಾಣಬೇಕೆಂಬುದನ್ನು ಮೊದಲ ಗೆರೆಗೂ ಮುಂಚೆ ಮನಸ್ಸಿನಲ್ಲಿ ಪೂರ್ತಿ ಕಂಡಿರಬೇಕು. ಈ ಕಲೆಯ ನಿಜವಾದ ಕಷ್ಟ ಇದೇ ಎಂಬುದು ನನ್ನ ಅಭಿಪ್ರಾಯ. ಕೈ ನಡುಗದಿರುವುದು ಅಭ್ಯಾಸದಿಂದ ತಾನಾಗಿ ಬರುತ್ತದೆ.

ಬರೆಯುವ ಸಾಧನ ಕಿಸ್ಟ್ಕಾ: ಮರದ ಕಡ್ಡಿಯ ತುದಿಗೆ ತಂತಿಯಿಂದ ಬಿಗಿದ ಪುಟ್ಟ ಲೋಹದ ಆಲಿಕೆ. ಅದನ್ನು ಮೇಣದಬತ್ತಿಯ ಜ್ವಾಲೆಯಲ್ಲಿ ಕಾಯಿಸಿ, ಜೇನುಮೇಣದ ಉಂಡೆಗೆ ಒತ್ತಿ ತುಂಬಿಸಿಕೊಂಡು, ಮತ್ತೊಮ್ಮೆ ಕಾಯಿಸಿ ಚಿಪ್ಪಿಗೆ ತಾಗಿಸಿದರೆ ಮೇಣ ಸಣ್ಣ ಎಳೆಯಾಗಿ ಇಳಿಯುತ್ತದೆ. ಜ್ವಾಲೆಯ ಮಸಿ ಸೇರಿ ಮೇಣ ಕಪ್ಪಾಗುವುದರಿಂದ ಬಿಳಿ ಚಿಪ್ಪಿನ ಮೇಲೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಕಿಸ್ಟ್ಕಾವನ್ನು ಎಳೆಯುವುದಕ್ಕಿಂತ ಅದನ್ನು ನಿಲ್ಲಿಸಿ ಮೊಟ್ಟೆಯನ್ನೇ ನಿಧಾನವಾಗಿ ತಿರುಗಿಸುವುದು ಒಳ್ಳೆಯದು. ಮೊಟ್ಟೆ ಕೋಣೆಯ ಬಿಸಿಗೆ ಬಂದಿರಬೇಕು. ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದು ಬೆವರುವುದರಿಂದ ಮೇಣ ಹಿಡಿಯುವುದಿಲ್ಲ. ಕೈಯಲ್ಲಿ ಎಣ್ಣೆಯ ಜಿಡ್ಡಿದ್ದರೆ ಬೆರಳಚ್ಚಿನ ಜಾಗಕ್ಕೆ ಬಣ್ಣವೇ ಏರುವುದಿಲ್ಲ.

ನಾನು ಅತಿ ಹೆಚ್ಚು ಪ್ರೀತಿಯಿಂದ ಬರೆಯುವುದು ನಲವತ್ತು ತ್ರಿಕೋನಗಳೆಂದು ಹೆಸರಾದ ಹಳೆಯ ವಿನ್ಯಾಸವನ್ನು. ಮೊಟ್ಟೆಯ ಸುತ್ತ ಉದ್ದಕ್ಕೆ ಎರಡು ವೃತ್ತ, ಅಡ್ಡಕ್ಕೆ ಒಂದು ವೃತ್ತ ಬರೆದರೆ ಎಂಟು ಭಾಗಗಳಾಗುತ್ತವೆ. ಪ್ರತಿ ಭಾಗದ ಮೂಲೆಯಿಂದ ಎದುರಿನ ಅಂಚಿನ ನಡುವಿಗೆ ಮೂರು ಗೆರೆ ಎಳೆದರೆ ತಲಾ ಆರು ತ್ರಿಕೋನಗಳು ಮೂಡುತ್ತವೆ. ಹೀಗೆ ಬರೆದಾಗ ಒಟ್ಟು 48 ಆಗುತ್ತವೆಯಾದರೂ, ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಉಪವಾಸದೊಂದಿಗೆ ಬೆಸೆದುಕೊಂಡ ಹೆಸರು ಹಾಗೆಯೇ ಉಳಿದಿದೆ. ಚುಕ್ಕಿಯಿಟ್ಟು ರಂಗೋಲಿ ಹಾಕಿ ಬೆಳೆದ ಕೈಗೆ ಈ ಭಾಗಾಕಾರ ಬೇಗ ಒಗ್ಗುತ್ತದೆ.

ಕಪ್ಪಿನಿಂದ ಹೊರಬಂದಾಗ ಮೊಟ್ಟೆ ಮೇಣ ಮೆತ್ತಿದ ಕರಿಯ ಉಂಡೆಯಂತಿರುತ್ತದೆ. ಅದನ್ನು ಜ್ವಾಲೆಯ ಮೇಲೆ ಹಿಡಿಯದೆ ಪಕ್ಕದಲ್ಲಿ ಹಿಡಿಯಬೇಕು, ಇಲ್ಲವಾದರೆ ಮಸಿ ಚಿಪ್ಪಿಗೇ ಅಂಟುತ್ತದೆ. ಮೇಣ ಹೊಳೆಯತೊಡಗಿದ ಕ್ಷಣದಲ್ಲಿ ಮೆತ್ತನೆಯ ಬಟ್ಟೆಯಿಂದ ಒಂದೇ ಸಲ ಒರೆಸಿದರೆ ಬಿಳಿ, ಹಳದಿ, ಕೆಂಪು ಒಟ್ಟಿಗೆ ಹೊರಬರುತ್ತವೆ.

ಕಾರ್ಪೇಥಿಯನ್ ಬೆಟ್ಟಗಳ ಹುತ್ಸುಲ್ ಜನರಲ್ಲಿ ಒಂದು ನಂಬಿಕೆಯಿದೆ. ಬೆಟ್ಟದಲ್ಲಿ ಸರಪಳಿ ಬಿಗಿದು ಕೂಡಿಹಾಕಿದ ದುಷ್ಟಶಕ್ತಿಯೊಂದು, ಆ ವರ್ಷ ಎಷ್ಟು ಪಿಸಂಕಾ ಬರೆದಿದ್ದಾರೆಂದು ತಿಳಿಯಲು ಪ್ರತಿ ವಸಂತದಲ್ಲೂ ತನ್ನ ಸೇವಕರನ್ನು ಕಳುಹಿಸುತ್ತದೆಯಂತೆ. ಸಂಖ್ಯೆ ಕಡಿಮೆಯಾದರೆ ಸರಪಳಿ ಸಡಿಲವಾಗುತ್ತದೆ. ಸೋವಿಯತ್ ಆಳ್ವಿಕೆ ಇದನ್ನು ಧಾರ್ಮಿಕ ಆಚರಣೆಯೆಂದು ಹತ್ತಿಕ್ಕಿದ ಕಾಲದಲ್ಲಿ ವಲಸೆ ಬಂದವರು ಇಲ್ಲಿ ಬರೆಯುತ್ತಲೇ ಇದ್ದರು. ಆಲ್ಬರ್ಟಾದ ವೆಗ್ರೆವಿಲ್ ಪಟ್ಟಣದಲ್ಲಿ 1975ರಲ್ಲಿ ನಿಲ್ಲಿಸಿದ ದೈತ್ಯ ಪಿಸಂಕಾ ಇಂದಿಗೂ ಗಾಳಿಗೆ ತಿರುಗುತ್ತದೆ. 2000ದಲ್ಲಿ ಉಕ್ರೇನಿನ ಕೊಲೊಮಿಯದಲ್ಲಿ ಪಿಸಂಕಾದ್ದೇ ವಸ್ತುಸಂಗ್ರಹಾಲಯ ಮೊಟ್ಟೆಯಾಕಾರದ ಕಟ್ಟಡದಲ್ಲಿ ತೆರೆಯಿತು. ಯುದ್ಧದ ನಡುವೆಯೇ, 2024ರ ಡಿಸೆಂಬರ್‌ನಲ್ಲಿ, ಉಕ್ರೇನ್ ಮತ್ತು ಎಸ್ಟೋನಿಯಾಗಳ ಜಂಟಿ ಪ್ರಸ್ತಾವದ ಮೇಲೆ ಈ ಕಲೆ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಮುಗಿದ ಮೊಟ್ಟೆಯ ಒಳಗನ್ನು ಸಣ್ಣ ತೂತಿನಿಂದ ಊದಿ ತೆಗೆಯುವುದು ಈಗಿನ ರೂಢಿ, ನಾನೂ ಮಾರಲು ಕೊಡುವವನ್ನು ಹಾಗೆಯೇ ಮಾಡುತ್ತೇನೆ. ನೆರೆಯವರು ಮಾತ್ರ, ಮೊಟ್ಟೆಯೊಳಗಿನ ಜೀವವೇ ಅದರ ಹರಕೆಯ ಬಲವೆನ್ನುವ ಹಿರಿಯರ ಮಾತಿನಂತೆ, ತೂತು ಕೊರೆಯಲು ಒಪ್ಪುವುದಿಲ್ಲ. ಹಾಗೆ ಇಡುವುದಾದರೆ ಬಿಸಿಲು ತಾಗದ, ಗಾಳಿಯಾಡುವ ಜಾಗದಲ್ಲಿಟ್ಟು ಆಗಾಗ ತಿರುಗಿಸುತ್ತಿರಬೇಕು. ವರ್ಷಗಳು ಕಳೆದಂತೆ ಒಳಗಿನದು ತಾನೇ ಒಣಗುತ್ತದೆ.